ಪ್ರಣಾಳಿಕೆಯಲ್ಲಿ ನಮ್ಮ ಬಗ್ಗೆಯೂ ಬರೆಯಿರಿ: ಕರ್ನಾಟಕದ ರಾಜಕೀಯ ಪಕ್ಷಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಹಾಗೂ ರಾಜ್ಯದ ಇತರ ಎಲ್ಲ ಪಕ್ಷಗಳ ಅಧ್ಯಕ್ಷರು ಮತ್ತು ಪ್ರಣಾಳಿಕೆ ಸಮಿತಿಯ ಸದಸ್ಯರು

ವಿಷಯ: ಸಲಿಂಗಿಗಳ ಹಕ್ಕುಗಳ ಬಗ್ಗೆ ನಿಮ್ಮ ಪಕ್ಷದ ನಿಲುವನ್ನು ಬರವಣಿಗೆಯಲ್ಲಿ ತಿಳಿಸುವ ಕುರಿತು

ಮಾನ್ಯರೇ,

ನಾನು ದಾವಣಗೆರೆಯವನು. ವಯಸ್ಸು ನಲವತ್ತು ದಾಟಿದೆ. ಓಟಿನ ಹಕ್ಕು ಬಂದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ನಾನು ಸಲಿಂಗಿ. ನಾನು, ನನ್ನ ಸಂಗಾತಿ ಇಬ್ಬರೂ ಹಲವು ವರ್ಷಗಳಿಂದ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದೇವೆ. ಅಕ್ಕಪಕ್ಕದವರಿಗೆ ಗೊತ್ತಿದೆ, ಕಿರಾಣಿ ಅಂಗಡಿಯವರಿಗೆ ಗೊತ್ತಿದೆ, ಮನೆಯ ಮಾಲೀಕರಿಗೂ ಗೊತ್ತಿದೆ. ಗೊತ್ತಿಲ್ಲದ ಹಾಗೆ ಇರುವವರು ನೀವು ಮಾತ್ರ. 2028ರ ವಿಧಾನಸಭೆ ಚುನಾವಣೆಗೆ ನೀವು ಪ್ರಣಾಳಿಕೆ ಬರೆಯಲು ಕೂರುವ ಮುಂಚೆ ನಾಲ್ಕು ಮಾತು ನೇರವಾಗಿ ಹೇಳಬೇಕು ಅನ್ನಿಸಿತು.

2023ರ ಚುನಾವಣೆಗೆ ಮುನ್ನ ಒಂದು ಪಕ್ಷದವರು ನಮ್ಮ ಊರಿನಲ್ಲಿ ಪ್ರಣಾಳಿಕೆಗೆ ಸಲಹೆ ಪಡೆಯಲು ಸಭೆ ಕರೆದಿದ್ದರು. ಯಾವ ಪಕ್ಷ ಅಂತ ಹೇಳುವುದಿಲ್ಲ, ಯಾಕೆಂದರೆ ಬೇರೆಯವರ ಸಭೆಗೆ ಹೋಗಿದ್ದರೂ ಬಹುಶಃ ಇದೇ ಆಗುತ್ತಿತ್ತು. ರೈತರು ಭತ್ತದ ಬೆಲೆ ಬಗ್ಗೆ, ಅಂಗನವಾಡಿ ಕಾರ್ಯಕರ್ತೆಯರು ಗೌರವಧನದ ಬಗ್ಗೆ ಮಾತಾಡಿದರು. ನಾನು ಒಂದು ಹಾಳೆಯಲ್ಲಿ ನಮ್ಮ ಬೇಡಿಕೆಗಳನ್ನು ಬರೆದುಕೊಂಡು ಹೋಗಿದ್ದೆ. ಮುಖಂಡರು ಅದನ್ನು ಪೂರ್ತಿ ಓದಿದರು. ಎರಡು ಸಲ ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ಸಾರ್, ನಿಮ್ಮ ಬಗ್ಗೆ ನಮಗೇನೂ ಬೇಜಾರಿಲ್ಲ. ಆದ್ರೆ ಇದನ್ನ ಪೇಪರ್ ಮೇಲೆ ಹಾಕೋಕಾಗಲ್ಲ. ಬೆಂಗಳೂರಲ್ಲಾದ್ರೆ ನಡೆಯುತ್ತೆ, ನಮ್ಮ ಕಡೆ ಓಟು ಹೋಗುತ್ತೆ’ ಅಂದರು.

ಅವರು ಒಳ್ಳೆಯ ಮನುಷ್ಯ. ಗೌರವದಿಂದಲೇ ಮಾತಾಡಿದರು. ಆದರೆ ‘ಬೇಜಾರಿಲ್ಲ, ಆದ್ರೆ’ ಅನ್ನುವ ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಸಲಿಂಗಿಗಳ ವಿಷಯದಲ್ಲಿ ನಮ್ಮ ದೇಶದ ಪಕ್ಷಗಳು ಇಷ್ಟು ವರ್ಷ ನಡೆದುಕೊಂಡ ರೀತಿಯೆಲ್ಲ ಆ ಮಾತಿನಲ್ಲೇ ಇದೆ. ಒಳಗೊಳಗೆ ನಿಲುವು ಬದಲಾಗುತ್ತದೆ, ಅದನ್ನು ಹೊರಗೆ ಹೇಳುವುದಕ್ಕೆ ಮಾತ್ರ ಯಾರೂ ಮುಂದೆ ಬರುವುದಿಲ್ಲ.

ಮೊದಲು ಕಾಂಗ್ರೆಸ್ಸಿನವರಿಗೆ ಹೇಳುತ್ತೇನೆ. ನಮ್ಮನ್ನು ಅಪರಾಧಿಗಳನ್ನಾಗಿ ಮಾಡಿದ್ದ ಸೆಕ್ಷನ್ 377 ಬ್ರಿಟಿಷರು 1860ರಲ್ಲಿ ಬರೆದಿಟ್ಟ ಕಾನೂನು. ಅದನ್ನು ಪ್ರಶ್ನಿಸಿ ನಾಜ್ ಫೌಂಡೇಶನ್ ಎಂಬ ಸಂಸ್ಥೆ ಹಾಕಿದ್ದ ಪ್ರಕರಣ ದೆಹಲಿ ಹೈಕೋರ್ಟಿನಲ್ಲಿ ನಡೆಯುತ್ತಿದ್ದಾಗ ಕೇಂದ್ರದಲ್ಲಿ ಇದ್ದದ್ದು ನಿಮ್ಮ ಯುಪಿಎ ಸರ್ಕಾರ. ಒಂದೇ ಸರ್ಕಾರದ ಗೃಹ ಇಲಾಖೆ ‘ಈ ಕಾನೂನು ಇರಲಿ’ ಎಂದು ವಾದ ಮಾಡಿತು. ಆರೋಗ್ಯ ಇಲಾಖೆಯ ಕಡೆಯ ಏಡ್ಸ್ ನಿಯಂತ್ರಣ ಸಂಸ್ಥೆ ‘ಇದರಿಂದ ಏಡ್ಸ್ ತಡೆಗೆ ತೊಂದರೆ ಆಗುತ್ತಿದೆ’ ಎಂದಿತು. 2009ರ ಜುಲೈ 2ರಂದು ನ್ಯಾಯಮೂರ್ತಿಗಳಾದ ಎ.ಪಿ. ಶಾ ಮತ್ತು ಎಸ್. ಮುರಳೀಧರ್ ಅವರ ಪೀಠ ನಮ್ಮ ಪರವಾಗಿ ತೀರ್ಪು ಕೊಟ್ಟಿತು. ನೀವು ಅದರ ವಿರುದ್ಧ ಮೇಲ್ಮನವಿ ಹಾಕಲಿಲ್ಲ. ಅದಕ್ಕೆ ನಿಮಗೆ ಕೃತಜ್ಞತೆ ಹೇಳಲೇಬೇಕು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ, 2011ರಲ್ಲಿ, ನಿಮ್ಮದೇ ಆರೋಗ್ಯ ಸಚಿವರಾಗಿದ್ದ ಗುಲಾಂ ನಬಿ ಆಜಾದ್ ಅವರು ಏಡ್ಸ್ ಬಗ್ಗೆ ನಡೆದ ಸಭೆಯಲ್ಲೇ ಸಲಿಂಗ ಸಂಬಂಧವನ್ನು ಹೊರದೇಶದಿಂದ ಬಂದ ಕಾಯಿಲೆ ಎಂದರು. 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಮ್ಮ ಒಬ್ಬ ವಕೀಲರು ಇದು ಅನೈತಿಕ ಎಂದು ವಾದಿಸಿದರು. ಅದು ಸರ್ಕಾರದ ಮಾತಲ್ಲ ಎಂದು ಗೃಹ ಇಲಾಖೆ ಹೇಳಿತು. ಆಮೇಲೆ ಇನ್ನೊಬ್ಬ ವಕೀಲರು ಬಂದು ಹೈಕೋರ್ಟ್ ತೀರ್ಪಿನಲ್ಲಿ ತಪ್ಪಿಲ್ಲ ಎಂದರು.

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ 377ನ್ನು ವಾಪಸ್ ತಂದಿತು. ನಾವು ದೇಶದಲ್ಲಿ ತೀರಾ ಸಣ್ಣ ಸಂಖ್ಯೆಯಲ್ಲಿದ್ದೇವೆ ಎನ್ನುವುದೂ ಅದು ಕೊಟ್ಟ ಕಾರಣಗಳಲ್ಲಿ ಒಂದು. ನಾಲ್ಕು ವರ್ಷ ಅಪರಾಧಿಗಳಲ್ಲದೆ ಬದುಕಿದ್ದವರು ಒಂದು ಬೆಳಗ್ಗೆ ಮತ್ತೆ ಅಪರಾಧಿಗಳಾದೆವು. ಮರುದಿನ ಸೋನಿಯಾ ಗಾಂಧಿ ಮತ್ತು ರಾಹುಲ್ ಗಾಂಧಿ ಇಬ್ಬರೂ ಆ ತೀರ್ಪಿನ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಸರ್ಕಾರ ಪುನರ್‌ಪರಿಶೀಲನಾ ಅರ್ಜಿ ಹಾಕಿತು. 2014ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸೂ ಸಿಪಿಎಂ ಕೂಡ 377ರ ವಿಷಯವನ್ನು ಪ್ರಣಾಳಿಕೆಗೆ ಸೇರಿಸಿದವು. ನಮಗೆ ಅದು ದೊಡ್ಡ ಸಂಗತಿ. ದೇಶದ ದೊಡ್ಡ ಪಕ್ಷವೊಂದು ನಮ್ಮ ಬಗ್ಗೆ ಅಚ್ಚಿನಲ್ಲಿ ಮಾತು ಕೊಟ್ಟಿತ್ತು.

ಆ ಮಾತಿಗೆ ಪರೀಕ್ಷೆ ಬಂದದ್ದು ಮುಂದಿನ ವರ್ಷ. 2015ರ ಡಿಸೆಂಬರ್ 18ರಂದು ಕಾಂಗ್ರೆಸ್ ಸಂಸದ ಶಶಿ ತರೂರ್ ಅವರು ಲೋಕಸಭೆಯಲ್ಲಿ 377ನ್ನು ತಿದ್ದುವ ಖಾಸಗಿ ಮಸೂದೆ, ಅಂದರೆ ಸರ್ಕಾರದ್ದಲ್ಲದೆ ಸಂಸದರೇ ತರುವ ಮಸೂದೆ, ತಂದರು. ಖಾಸಗಿ ಮಸೂದೆಯನ್ನು ಮಂಡಿಸುವುದಕ್ಕೇ ಅಡ್ಡಿ ಮಾಡುವುದು ಅಪರೂಪ. ಈ ಮಸೂದೆಗೆ ಅದೂ ಆಯಿತು. ಚರ್ಚೆ ಬೇಡ, ಮಂಡನೆಯೇ ಬೇಡ ಎಂದು 71 ಜನ, ಮಂಡಿಸಲಿ ಎಂದು 24 ಜನ. 2016ರ ಮಾರ್ಚ್‌ನಲ್ಲಿ ತರೂರ್ ಮತ್ತೆ ಪ್ರಯತ್ನಿಸಿದಾಗ 58 ವಿರುದ್ಧ, 14 ಪರ. ದಯವಿಟ್ಟು ಈ ಲೆಕ್ಕವನ್ನು ಗಮನಿಸಿ. 543 ಜನರ ಸದನದಲ್ಲಿ ನೂರು ಜನವೂ ಓಟು ಹಾಕಲಿಲ್ಲ. ಆಗ ಕಾಂಗ್ರೆಸ್ಸಿಗೆ ಸುಮಾರು 44 ಸಂಸದರಿದ್ದರು. ಬೇರೆ ಪಕ್ಷದವರನ್ನೂ ಸೇರಿಸಿ ಬಂದ ಬೆಂಬಲ ಮೊದಲ ಸಲ 24, ಎರಡನೇ ಸಲ 14. ಪ್ರಣಾಳಿಕೆಯಲ್ಲಿ ಬರೆದವರೇ ಆ ದಿನ ಎದ್ದು ನಿಂತಿದ್ದರೆ ಸೋತರೂ ನಮಗೆ ನೆನಪಿರುತ್ತಿತ್ತು. ಸೋಲಿನ ಅಂತರಕ್ಕಿಂತ ಆ ಗೈರುಹಾಜರಿ ನನಗೆ ಜಾಸ್ತಿ ನೋವು ಕೊಟ್ಟಿತು.

ಬಿಜೆಪಿಯವರೇ, ನಿಮ್ಮ ನಿಲುವೂ ಇದ್ದಲ್ಲೇ ಇರಲಿಲ್ಲ. 2013ರಲ್ಲಿ ಆಗಿನ ಅಧ್ಯಕ್ಷ ರಾಜನಾಥ್ ಸಿಂಗ್ ಅವರು ಸಲಿಂಗ ಸಂಬಂಧ ಅಸ್ವಾಭಾವಿಕ, ಪಕ್ಷ 377ರ ಪರ ಇದೆ ಎಂದು ಸ್ಪಷ್ಟವಾಗಿ ಹೇಳಿದ್ದರು. ಎರಡು ವರ್ಷ ಬಿಟ್ಟು, 2015ರ ನವೆಂಬರ್‌ನಲ್ಲಿ, ಅರುಣ್ ಜೇಟ್ಲಿ ಅವರು ಸುಪ್ರೀಂ ಕೋರ್ಟ್ ತನ್ನ 2013ರ ತೀರ್ಪನ್ನು ಮತ್ತೆ ನೋಡಬೇಕು ಎಂದರು. ಸಂಘ ಪರಿವಾರದಲ್ಲಿ ಮೊದಲು ಬಾಯಿಬಿಟ್ಟವರಲ್ಲಿ ಒಬ್ಬರು ನಮ್ಮ ರಾಜ್ಯದವರೇ, ಸೊರಬ ತಾಲ್ಲೂಕಿನ ದತ್ತಾತ್ರೇಯ ಹೊಸಬಾಳೆ ಅವರು. 2016ರ ಮಾರ್ಚ್‌ನಲ್ಲಿ ಒಂದು ವೇದಿಕೆಯಲ್ಲಿ, ಬೇರೆಯವರಿಗೆ ತೊಂದರೆ ಆಗದಿರುವಾಗ ಇದು ಅಪರಾಧ ಆಗಬಾರದು ಎಂದರು. ಆ ಸುದ್ದಿ ಓದಿದ ದಿನ ನಮ್ಮಂಥ ಎಷ್ಟೋ ಜನರಿಗೆ ಉಸಿರು ಹಗುರವಾಯಿತು. ಆದರೆ ಮರುದಿನವೇ ಅವರು, ಇದು ಅಪರಾಧವಲ್ಲ ನಿಜ, ಆದರೆ ಸಮಾಜದ ದೃಷ್ಟಿಯಲ್ಲಿ ಅನೈತಿಕ, ಮಾನಸಿಕ ಸಮಸ್ಯೆ ಅಂತ ನೋಡಬೇಕು, ಇಂಥ ಮದುವೆಗಳನ್ನು ನಿಷೇಧಿಸಬೇಕು ಎಂದು ಬರೆದರು. ಇಲ್ಲೂ ಒಂದು ‘ಆದರೆ’ ಇತ್ತು.

2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ವಿಚಾರಣೆ ನಡೆದಾಗ ಕೇಂದ್ರ ಸರ್ಕಾರ ಪರವೂ ನಿಲ್ಲಲಿಲ್ಲ, ವಿರೋಧವೂ ಮಾಡಲಿಲ್ಲ. ಕೋರ್ಟಿನ ವಿವೇಚನೆಗೆ ಬಿಟ್ಟಿದ್ದೇವೆ ಎಂದಿತು. ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ನಮ್ಮನ್ನು ಅಪರಾಧಿಗಳ ಪಟ್ಟಿಯಿಂದ ಬಿಡಿಸಿದರು. ನಮಗೂ ನಮ್ಮ ಕುಟುಂಬದವರಿಗೂ ಇತಿಹಾಸ ಕ್ಷಮೆ ಕೇಳಬೇಕು ಎಂದು ನ್ಯಾಯಮೂರ್ತಿ ಇಂದೂ ಮಲ್ಹೋತ್ರ ಬರೆದರು. ಆ ತೀರ್ಪಿಗೆ ದಾರಿ ಮಾಡಿಕೊಟ್ಟದ್ದು ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪು. ಅದರ ಮೊದಲ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಎಂಬತ್ತು ದಾಟಿದ ಮೇಲೆ ಅವರು ಕೋರ್ಟಿಗೆ ಹೋದದ್ದು ಆಧಾರ್ ವಿಷಯಕ್ಕೆ. ಅದರ ಫಲ ನಮಗೂ ಸಿಕ್ಕಿತು. ಕನ್ನಡ ನಾಡಿನ ಒಬ್ಬ ಹಿರಿಯರಿಂದ ಬಂದ ಈ ಉಪಕಾರವನ್ನು ನಮ್ಮ ರಾಜ್ಯದ ಯಾವ ಪಕ್ಷವಾದರೂ ವೇದಿಕೆ ಮೇಲೆ ನೆನೆಯಲಿ ಎಂದು ನನಗೆ ಆಸೆ ಇದೆ.

ಅಪರಾಧವಲ್ಲ ಅಂತ ಆಯಿತು. ಮುಂದೇನು ಅನ್ನುವ ಪ್ರಶ್ನೆಗೆ 2023ರಲ್ಲಿ ಉತ್ತರ ಕೊಡಬೇಕಾಗಿ ಬಂತು. ಮದುವೆಯ ಹಕ್ಕಿನ ಪ್ರಕರಣದಲ್ಲಿ ಕೇಂದ್ರ ಸರ್ಕಾರ ಗಂಡ, ಹೆಂಡತಿ, ಮಕ್ಕಳು ಇರುವುದೇ ಭಾರತೀಯ ಕುಟುಂಬ ಎಂದು ಅಫಿಡವಿಟ್ ಹಾಕಿತು. ಇದು ನಗರದ ಮೇಲ್ವರ್ಗದವರ ಬೇಡಿಕೆ ಎಂದೂ ಹೇಳಿತು. ಕೋರ್ಟಿನ ವಿವೇಚನೆಗೆ ಬಿಟ್ಟವರು ಐದೇ ವರ್ಷದಲ್ಲಿ, ಕೋರ್ಟಿಗೆ ಇದನ್ನು ತೀರ್ಮಾನಿಸುವ ಹಕ್ಕಿಲ್ಲ, ಅದು ಸಂಸತ್ತಿನ ಕೆಲಸ ಎಂದರು. ಸರಿ, ಸಂಸತ್ತಿನ ಕೆಲಸವೇ ಇರಲಿ. ಆದರೆ ಸಂಸತ್ತಿನಲ್ಲಿ ಏನಾಗಿತ್ತು? ತರೂರ್ ಅವರ ಮಸೂದೆಗೆ ಏನಾಯಿತು ಅಂತ ಮೇಲೆ ಹೇಳಿದೆ. 2022ರ ಏಪ್ರಿಲ್‌ನಲ್ಲಿ ಎನ್‌ಸಿಪಿಯ ಸುಪ್ರಿಯಾ ಸುಳೆ ಅವರು ವಿಶೇಷ ವಿವಾಹ ಕಾಯ್ದೆ ತಿದ್ದಲು ತಂದ ಖಾಸಗಿ ಮಸೂದೆಯೂ ಮುಂದೆ ಹೋಗಲಿಲ್ಲ. ಕೋರ್ಟಿಗೆ ಹೋದರೆ ಸಂಸತ್ತಿಗೆ ಹೋಗಿ ಅನ್ನುತ್ತಾರೆ, ಸಂಸತ್ತಿಗೆ ಹೋದರೆ ಬಾಗಿಲೇ ತೆಗೆಯುವುದಿಲ್ಲ. ನಾವು ಇನ್ನೆಲ್ಲಿಗೆ ಹೋಗಬೇಕು ಹೇಳಿ.

ಇದೇ ಪ್ರಕರಣದಲ್ಲಿ ಕೇಂದ್ರ ಎಲ್ಲ ರಾಜ್ಯಗಳ ಅಭಿಪ್ರಾಯ ಕೇಳಿತ್ತು. ಏಳು ರಾಜ್ಯಗಳು ಉತ್ತರಿಸಿವೆ ಎಂದು ಕೋರ್ಟಿಗೆ ತಿಳಿಸಿತು. ವಿರೋಧಿಸಿದವು ಮೂರು: ಅಸ್ಸಾಂ, ಆಂಧ್ರಪ್ರದೇಶ, ರಾಜಸ್ಥಾನ. ಆಗ ಅಸ್ಸಾಂನಲ್ಲಿ ಬಿಜೆಪಿ, ಆಂಧ್ರದಲ್ಲಿ ವೈಎಸ್‌ಆರ್ ಕಾಂಗ್ರೆಸ್, ರಾಜಸ್ಥಾನದಲ್ಲಿ ಕಾಂಗ್ರೆಸ್. ಉಳಿದ ನಾಲ್ಕು ರಾಜ್ಯಗಳು ಸಮಯ ಕೇಳಿದವು. ಆ ಏಳರಲ್ಲಿ ಕರ್ನಾಟಕದ ಹೆಸರಿರಲಿಲ್ಲ. ಐ.ಟಿ. ರಾಜಧಾನಿ, ಬಸವಣ್ಣನವರ ನಾಡು ಅಂತ ದಿನಾ ಹೇಳಿಕೊಳ್ಳುವ ರಾಜ್ಯಕ್ಕೆ ಪರವಾಗಿಯೋ ವಿರೋಧವಾಗಿಯೋ ಒಂದು ಪುಟದ ಉತ್ತರವಾದರೂ ಇರಬೇಕಿತ್ತಲ್ವಾ?

ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ ಎಂದು ಐವರೂ ಹೇಳಿದರು. ಸಿವಿಲ್ ಯೂನಿಯನ್, ಅಂದರೆ ಮದುವೆ ಅಲ್ಲದಿದ್ದರೂ ಜೋಡಿಗೆ ಸಿಗುವ ಕಾನೂನಿನ ಮಾನ್ಯತೆ, ಅದನ್ನೂ ಕೋರ್ಟ್ ಕೊಡಲಾಗದು ಎಂದು ಮೂವರು ಹೇಳಿದರು, ಇಬ್ಬರು ಒಪ್ಪಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್, ಸಮಾಲೋಚನೆ ಮಾಡಿ ಸಿವಿಲ್ ಯೂನಿಯನ್‌ಗೆ ಕಾನೂನು ತರುತ್ತೇವೆ ಎಂದು ಬರೆಯಿತು. ಸಿಪಿಎಂ ಇನ್ನೂ ವಿವರವಾಗಿ, ಸಂಗಾತಿಯನ್ನು ಅವಲಂಬಿತರೆಂದು ನೋಂದಾಯಿಸುವುದು, ಆಸ್ತಿಯ ಹಕ್ಕು ಇವೆಲ್ಲ ಇರುವ ಕಾನೂನಿನ ಮಾತಾಡಿತು. ಬಿಜೆಪಿಯ ಸಂಕಲ್ಪ ಪತ್ರದಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಗರಿಮಾ ಗೃಹ ಎಂಬ ಆಶ್ರಯ ಮನೆಗಳು, ಗುರುತಿನ ಚೀಟಿ, ಆಯುಷ್ಮಾನ್ ಭಾರತ್ ಇತ್ತು. ಸಲಿಂಗಿ ಜೋಡಿಗಳ ಬಗ್ಗೆ ಏನೂ ಇರಲಿಲ್ಲ.

ಟ್ರಾನ್ಸ್‌ಜೆಂಡರ್ ಸಮುದಾಯದ ಮಾತು ಬಂದಿದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮಾದರಿ. 2017ರಲ್ಲಿ ಕಾಂಗ್ರೆಸ್ ಸರ್ಕಾರ ಟ್ರಾನ್ಸ್‌ಜೆಂಡರ್ ನೀತಿ ತಂದಿತು. 2021ರಲ್ಲಿ ಬಿಜೆಪಿ ಸರ್ಕಾರ ಸರ್ಕಾರಿ ಕೆಲಸಗಳಲ್ಲಿ ಅವರಿಗೆ ಎಲ್ಲ ವರ್ಗಗಳಲ್ಲೂ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಹಾಗೆ ಕೊಟ್ಟ ಮೊದಲ ರಾಜ್ಯ ನಮ್ಮದು. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಶಕ್ತಿ ಯೋಜನೆಯ ಉಚಿತ ಬಸ್ಸು ಈ ಸಮುದಾಯಕ್ಕೂ ಇದೆ. ಇದೇ ರಾಜ್ಯದಲ್ಲಿ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿ, ಅವರ ಹೆಸರು ವಿಳಾಸಗಳ ಪಟ್ಟಿ ಇಟ್ಟುಕೊಳ್ಳಲು ಅವಕಾಶ ಮಾಡಿದ್ದೂ ನಿಜ. ಸಮುದಾಯದವರು ಹೋರಾಡಿ ಅದನ್ನು ತಿದ್ದಿಸಿದರು. ಹತ್ತು ವರ್ಷದಲ್ಲಿ ಪೊಲೀಸ್ ಪಟ್ಟಿಯಿಂದ ಮೀಸಲಾತಿಯವರೆಗೆ ಬರಲು ಒಂದು ರಾಜ್ಯಕ್ಕೆ ಸಾಧ್ಯವಾಯಿತು. ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಅದರಲ್ಲಿ ಕೈ ಹಾಕಿದವು. ಹಾಗಾಗಿ ನಿಮಗೆ ಆಗುವುದಿಲ್ಲ ಅಂತ ನಾನು ನಂಬುವುದಿಲ್ಲ.

ಆದರೆ ಅವರಿಗೆ ಮಾಡಿದ ಕೆಲಸವನ್ನು ತೋರಿಸಿ ನಮ್ಮ ಪ್ರಶ್ನೆಯನ್ನು ಮುಚ್ಚಬೇಡಿ. ಅವರ ಬೇಡಿಕೆ ಬೇರೆ, ನಮ್ಮ ಬೇಡಿಕೆ ಬೇರೆ, ಕೆಲವು ಕಡೆ ಎರಡೂ ಸೇರುತ್ತವೆ. ನಾನು ಪಿಂಚಣಿ ಕೇಳುತ್ತಿಲ್ಲ, ಮೀಸಲಾತಿ ಕೇಳುತ್ತಿಲ್ಲ. ನಾನು ಕೇಳುತ್ತಿರುವುದು ಏನು ಅಂತ ಗೊತ್ತಾಗಬೇಕಾದರೆ ಒಂದು ರಾತ್ರಿಯ ಸಂಗತಿ ಹೇಳಬೇಕು.

ನನ್ನ ಸಂಗಾತಿಗೆ ಹೊಟ್ಟೆನೋವು ಜೋರಾಗಿ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಪೆಂಡಿಕ್ಸ್, ತಕ್ಷಣ ಆಪರೇಷನ್ ಮಾಡಬೇಕು ಅಂದರು. ಒಪ್ಪಿಗೆ ಪತ್ರ ತಂದುಕೊಟ್ಟ ಸಿಸ್ಟರ್, ‘ನೀವು ಪೇಷೆಂಟ್‌ಗೆ ಏನಾಗ್ಬೇಕು?’ ಅಂತ ಕೇಳಿದರು. ಜೊತೆಯಲ್ಲಿರುವವನು ಅಂದೆ. ‘ಫ್ರೆಂಡ್ ಸಹಿ ನಡೆಯಲ್ಲ, ಮನೆಯವರನ್ನ ಕರೀರಿ’ ಅಂದರು. ನಾನೇ ಮನೆಯವನು ಅಂದೆ. ಅವರು ನನ್ನ ಮುಖ ನೋಡಿದರು, ಡ್ಯೂಟಿ ಡಾಕ್ಟರನ್ನು ಕರೆದರು. ಡಾಕ್ಟರೂ ಅದನ್ನೇ ಹೇಳಿದರು. ಅವನು ನೋವಿನಲ್ಲಿ ಹಾಸಿಗೆ ಮೇಲೆ ಮುದುಡಿಕೊಂಡು ‘ಇವರೇ ಹಾಕಲಿ’ ಅನ್ನುತ್ತಿದ್ದ. ಅವನ ಸ್ವಂತ ಸಹಿ ಹಾಕಿಸಿಕೊಂಡ ಮೇಲೂ ಸಂಬಂಧಿಕರ ಸಹಿ ಬೇಕೇ ಬೇಕು ಎಂದು ಪಟ್ಟು ಹಿಡಿದರು. ಕೊನೆಗೆ ರಾಣೆಬೆನ್ನೂರಿನಲ್ಲಿರುವ ಅವನ ಅಣ್ಣನಿಗೆ ಫೋನ್ ಮಾಡಿದೆ. ನಮ್ಮ ವಿಷಯ ಗೊತ್ತಾದಾಗಿನಿಂದ ಅವರು ತಮ್ಮನ ಜೊತೆ ಮಾತು ಬಿಟ್ಟಿದ್ದರು. ಆದರೂ ಬಂದರು, ಆ ಮಾತು ಹೇಳಲೇಬೇಕು. ಸಹಿ ಹಾಕಿದರು, ತಮ್ಮನ ಮುಖ ನೋಡದೆ ಹೊರಗೆ ಬೆಂಚಿನ ಮೇಲೆ ಕೂತರು. ಅವರು ಬರುವ ತನಕ ಆಪರೇಷನ್ ಕಾಯಿತು. ಅವನ ಅಲರ್ಜಿ ಯಾವುದು, ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದು ಅಂತ ಡಾಕ್ಟರ್ ಕೇಳಿದಾಗ ಅಣ್ಣ ನನ್ನ ಕಡೆ ನೋಡಿದರು. ಉತ್ತರ ಗೊತ್ತಿದ್ದದ್ದು ನನಗೆ. ಬಿಲ್ಲು ಕಟ್ಟುವ ಕೌಂಟರಿನಲ್ಲಿ ಮಾತ್ರ ನಾನು ಏನಾಗಬೇಕು ಅಂತ ಯಾರೂ ಕೇಳಲಿಲ್ಲ.

ಆ ಆಸ್ಪತ್ರೆಯವರನ್ನು ದೂರಿ ಪ್ರಯೋಜನವಿಲ್ಲ. ಅವರ ಕೈಯಲ್ಲಿ ಸರ್ಕಾರದ ಒಂದು ಆದೇಶ ಇದ್ದಿದ್ದರೆ ನನ್ನ ಸಹಿ ಸಾಕಾಗುತ್ತಿತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಪತ್ರ ಬರೆದಿದೆ. ಹತ್ತಿರದ ಸಂಬಂಧಿಕರು ಇಲ್ಲದಿದ್ದರೆ ಸಂಗಾತಿಗೆ ಶವ ಪಡೆಯಲು ಅವಕಾಶ ಕೊಡಿ ಎನ್ನುವುದು ಅದರಲ್ಲಿನ ಒಂದು ಮಾತು. ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಿ ರೇಷನ್ ಕಾರ್ಡ್ ಕೊಡಿ ಎಂದು ಆಹಾರ ಇಲಾಖೆ, ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದು ಹಣಕಾಸು ಇಲಾಖೆ ಹೇಳಿವೆ. ಮದುವೆಯನ್ನು ವಿರೋಧಿಸಿದ ಅದೇ ಕೇಂದ್ರ ಸರ್ಕಾರ ಇಷ್ಟಾದರೂ ಮಾಡಿತು ಎಂದು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆ ಪತ್ರಗಳು ಜಿಲ್ಲೆ, ತಾಲ್ಲೂಕಿನ ಕೌಂಟರಿಗೆ ಬಂದು ಮುಟ್ಟಬೇಕಲ್ಲ? ಸತ್ತ ಮೇಲೆ ದೇಹ ಕೊಡಿ ಅಂತ ಆದೇಶ ಮಾಡಲು ಸಾಧ್ಯವಿದ್ದರೆ, ಬದುಕಿರುವಾಗ ಪಕ್ಕದಲ್ಲಿರಲು ಬಿಡಿ ಅಂತಲೂ ಮಾಡಬಹುದು.

‘ಇದೆಲ್ಲ ದೆಹಲಿಯ ವಿಷಯ, ನಮ್ಮ ಕೈಯಲ್ಲಿಲ್ಲ’ ಅಂತ ನೀವು ಹೇಳಬಹುದು. ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿ. ಆಸ್ಪತ್ರೆ, ಸಾರ್ವಜನಿಕ ಆರೋಗ್ಯ, ಪೊಲೀಸ್ ಇವು ರಾಜ್ಯದ ಪಟ್ಟಿಯಲ್ಲಿವೆ. ಮದುವೆ, ದತ್ತು, ಉಯಿಲು, ವಾರಸುದಾರಿಕೆ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ರಾಜ್ಯವೂ ಬಾಯಿ ಹಾಕಬಹುದು. ಖಾಸಗಿ ಆಸ್ಪತ್ರೆಗಳ ಮೇಲೆ ನಮ್ಮ ರಾಜ್ಯಕ್ಕೆ 2007ರ ತನ್ನದೇ ಕಾಯ್ದೆ ಇದೆ. ಮಾದರಿಯೂ ಕಣ್ಣ ಮುಂದೆಯೇ ಇದೆ. ಸಂಸತ್ತು 2017ರಲ್ಲಿ ಮಾಡಿದ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿ ತನಗೆ ಬೇಕಾದ ವಯಸ್ಕರನ್ನು ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು, ಅವರು ನೆಂಟರೇ ಆಗಬೇಕಿಲ್ಲ. ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಮನಸ್ಸಿನ ಕಾಯಿಲೆಗೆ ಇರುವ ಈ ಅವಕಾಶ ಅಪೆಂಡಿಕ್ಸ್ ಆಪರೇಷನ್‌ಗೆ ಯಾಕಿರಬಾರದು? ಇದರಿಂದ ನಮಗೆ ಮಾತ್ರ ಅನುಕೂಲ ಅಂತಲೂ ಅಲ್ಲ. ಮಕ್ಕಳು ಅಮೆರಿಕದಲ್ಲಿರುವ ಎಷ್ಟು ಜನ ವಯಸ್ಸಾದವರಿಗೆ ಪಕ್ಕದ ಮನೆಯವರೇ ಆಸರೆ, ಯೋಚಿಸಿ.

ಪಕ್ಕದ ತಮಿಳುನಾಡನ್ನೂ ನೋಡಿ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು, ಇಬ್ಬರು ಹುಡುಗಿಯರ ಪ್ರಕರಣದಲ್ಲಿ ತೀರ್ಪು ಬರೆಯುವ ಮೊದಲು ತಾವೇ ಮನಶ್ಶಾಸ್ತ್ರಜ್ಞರ ಬಳಿ ಕೂತು ವಿಷಯ ತಿಳಿದುಕೊಂಡರು. ಸಲಿಂಗಿಗಳನ್ನು ‘ಸರಿ ಮಾಡುತ್ತೇವೆ’ ಎಂದು ಕೊಡುವ ಚಿಕಿತ್ಸೆಯನ್ನು ನಿಲ್ಲಿಸಬೇಕು ಎಂದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಅಂಥ ಚಿಕಿತ್ಸೆ ವೈದ್ಯರ ದುರ್ನಡತೆ ಎಂದು ಹೇಳಿತು. 2025ರ ಮೇನಲ್ಲಿ ಅದೇ ಹೈಕೋರ್ಟ್, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು. ಆದರೂ ನಮ್ಮ ಊರುಗಳಲ್ಲಿ ಮಗನನ್ನೋ ಮಗಳನ್ನೋ ಸರಿ ಮಾಡಿಸಲು ಡಾಕ್ಟರ ಹತ್ತಿರ, ಮಂತ್ರ ಹಾಕುವವರ ಹತ್ತಿರ ಕರೆದೊಯ್ಯುವ ಅಪ್ಪ ಅಮ್ಮಂದಿರು ಇದ್ದಾರೆ. ಅವರು ಕೆಟ್ಟವರಲ್ಲ, ಹೆದರಿದವರು. ಇದು ಕಾಯಿಲೆಯಲ್ಲ ಎಂದು ಅವರಿಗೆ ತಿಳಿಸಲು ಆರೋಗ್ಯ ಇಲಾಖೆಯ ಒಂದು ಸುತ್ತೋಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಒಂದು ಕನ್ನಡ ಪೋಸ್ಟರ್ ಸಾಕು. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಓಟಿನ ಮಾತಿಗೆ ಬರೋಣ. ಇದು ಬೆಂಗಳೂರಿನ ವಿಷಯ ಅಂತ ಆ ಮುಖಂಡರು ಹೇಳಿದರು, ನಗರದ ಮೇಲ್ವರ್ಗದ ವಿಷಯ ಅಂತ ಕೇಂದ್ರ ಸರ್ಕಾರ ಹೇಳಿತು. 2013ರ ನವೆಂಬರ್‌ನಲ್ಲಿ 377ರ ಕೆಳಗೆ ಹಲವು ಗಂಡಸರನ್ನು ಹಿಡಿದದ್ದು ಹಾಸನದಲ್ಲಿ. ನಾನು ಬೆಳೆದದ್ದು ದಾವಣಗೆರೆಯ ಹಳೇ ಊರಿನಲ್ಲಿ, ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ನಮ್ಮಂಥವರು ಗದಗದಲ್ಲಿದ್ದಾರೆ, ಸಿಂಧನೂರಿನಲ್ಲಿದ್ದಾರೆ, ಕುಂದಾಪುರದಲ್ಲಿದ್ದಾರೆ. ಬೆಂಗಳೂರಿನಲ್ಲಿ ಜಾಸ್ತಿ ಕಾಣುತ್ತೇವೆ ಯಾಕೆಂದರೆ ಊರಿನಲ್ಲಿ ಇರಲು ಬಿಡದೆ ಅಲ್ಲಿಗೆ ಓಡಿಸಿದ್ದಾರೆ. ನಿಮ್ಮ ಪಕ್ಷದ ಕಾರ್ಯಕರ್ತರಲ್ಲೂ ನಾವಿದ್ದೇವೆ. ಬಾವುಟ ಕಟ್ಟುವವರಲ್ಲಿ, ಬೂತ್‌ನಲ್ಲಿ ಕೂರುವವರಲ್ಲಿ ಇದ್ದೇವೆ. ನಮ್ಮ ಅಪ್ಪ ಅಮ್ಮ, ಅಕ್ಕ ತಂಗಿಯರ ಓಟುಗಳೂ ಇವೆ. ಈ ಲೆಕ್ಕವನ್ನು ಯಾವ ಪಕ್ಷವೂ ಇನ್ನೂ ಹಾಕಿ ನೋಡಿಲ್ಲ.

ನಿಲುವು ಬದಲಾಯಿಸಿದರೆ ಜನ ನಗುತ್ತಾರೆ ಎಂಬ ಭಯವೂ ನಿಮಗೆ ಬೇಡ. ನಮಗೆ 377 ಬರೆದುಕೊಟ್ಟ ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ ಸರ್ಕಾರ 1988ರಲ್ಲಿ ಸಲಿಂಗ ಸಂಬಂಧಕ್ಕೆ ಪ್ರೋತ್ಸಾಹ ಕೊಡಬಾರದೆಂದು ಸೆಕ್ಷನ್ 28 ಎಂಬ ಕಾನೂನು ತಂದಿತ್ತು. 2009ರಲ್ಲಿ ಆ ಪಕ್ಷದ ನಾಯಕ ಡೇವಿಡ್ ಕ್ಯಾಮರನ್ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. 2013ರಲ್ಲಿ ಅವರೇ ಪ್ರಧಾನಿಯಾಗಿದ್ದಾಗ ಸಲಿಂಗ ವಿವಾಹದ ಕಾನೂನು ಪಾಸಾಯಿತು. ಅವರ ಪಕ್ಷದ ಎಷ್ಟೋ ಸಂಸದರು ವಿರುದ್ಧವಾಗಿ ಓಟು ಹಾಕಿದರು. ಆದರೂ 2015ರ ಚುನಾವಣೆಯಲ್ಲಿ ಅವರು ಬಹುಮತದಿಂದ ಗೆದ್ದರು. ಅವರ ಹಾಗೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಹಿಂದೆ ಹೀಗೆ ಅಂದಿದ್ದೆವು, ಈಗ ಹೀಗೆ ಅನ್ನುತ್ತೇವೆ, ಕಾರಣ ಇದು, ಎಂದು ಹೇಳುವ ಧೈರ್ಯ ಒಂದು ಪಕ್ಷಕ್ಕೆ ಇರಬಹುದು ಎನ್ನುವುದಕ್ಕೆ ಹೇಳಿದೆ. ನಮ್ಮಲ್ಲಿ 2011ರ ‘ಕಾಯಿಲೆ’ ಮಾತಿಗೂ 2013ರ ‘ಅಸ್ವಾಭಾವಿಕ’ ಮಾತಿಗೂ ಆಯಾ ಪಕ್ಷಗಳು ಕ್ಷಮೆ ಕೇಳಿಲ್ಲ. ಆ ಮಾತುಗಳನ್ನು ಟಿವಿಯಲ್ಲಿ ಕೇಳಿಸಿಕೊಂಡ ಹದಿನಾರು, ಹದಿನೇಳರ ಹುಡುಗರು ಈಗ ನಿಮ್ಮ ಮತದಾರರು.

ಆದ್ದರಿಂದ ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ ಇಷ್ಟು. 2028ರ ಪ್ರಣಾಳಿಕೆಯಲ್ಲಿ ಸಲಿಂಗಿ ಗಂಡಸರು, ಸಲಿಂಗಿ ಹೆಂಗಸರು ಎಂದು ಹೆಸರಿಟ್ಟು ಬರೆಯಿರಿ. ‘ಎಲ್ಲ ದುರ್ಬಲ ವರ್ಗದವರು’ ಎಂಬ ಮಾತಿನೊಳಗೆ ನಮ್ಮನ್ನು ಸೇರಿಸಿ ಮುಗಿಸಬೇಡಿ. ರಾಜ್ಯದ ಎಲ್ಲ ಸರ್ಕಾರಿ, ಖಾಸಗಿ ಆಸ್ಪತ್ರೆಗಳಲ್ಲಿ ರೋಗಿ ಹೆಸರಿಸಿದ ವ್ಯಕ್ತಿಯ ಸಹಿಗೆ, ಭೇಟಿಗೆ ಮಾನ್ಯತೆ ಕೊಡುವ ಆದೇಶಕ್ಕೆ ಮಾತು ಕೊಡಿ. ಸರ್ಕಾರಿ ನೌಕರರು ತಮ್ಮ ಸಂಗಾತಿಯನ್ನು ಆರೋಗ್ಯ ಯೋಜನೆಗೆ ಸೇರಿಸಲು ಬಿಡಿ. ಮನೆಯವರ ದೂರಿನ ಮೇಲೆ ಇಬ್ಬರು ವಯಸ್ಕ ಹೆಣ್ಣುಮಕ್ಕಳನ್ನು ಬೇರೆ ಮಾಡಿ ಮನೆಗೆ ಒಪ್ಪಿಸುವ ಕೆಲಸ ಪೊಲೀಸರು ಮಾಡಬಾರದು ಎಂದು ಠಾಣೆ ಠಾಣೆಗೂ ಸೂಚನೆ ಹೋಗಲಿ. ಸುಳ್ಳು ಚಿಕಿತ್ಸೆ ಕೊಡುವವರ ಮೇಲೆ ಕ್ರಮ ಆಗಲಿ. ಸಿವಿಲ್ ಯೂನಿಯನ್ ಕಾನೂನಿಗೆ ವಿಧಾನಸಭೆಯಲ್ಲಿ ಒಂದು ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಿ.

ಇನ್ನೊಂದು ವಿಷಯಕ್ಕೆ ನಿಮ್ಮ ಸಂಸದರ ಗಮನ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಪೂರ್ತಿ ಹೋಗಿದೆ. ಅದರ ಜೊತೆಗೆ ವಯಸ್ಕ ಗಂಡಸಿನ ಮೇಲೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯಕ್ಕೆ ಇದ್ದ ಮುಖ್ಯ ಕಾನೂನು ರಕ್ಷಣೆಯೂ ಹೋಯಿತು. ಒಪ್ಪಿಗೆ ಇಲ್ಲದ ಕೃತ್ಯಗಳಿಗೆ ಆ ಭಾಗವನ್ನು ಉಳಿಸಿ ಎಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಹೇಳಿತ್ತು. ಅದನ್ನು ಕೇಳಲಿಲ್ಲ. ಇದರಲ್ಲಿ ಸಂಸ್ಕೃತಿಯ ಚರ್ಚೆಗೆ ಜಾಗವೇ ಇಲ್ಲ. ಅತ್ಯಾಚಾರಕ್ಕೆ ಒಳಗಾದವರು ಠಾಣೆಗೆ ಹೋದರೆ ಯಾವ ಸೆಕ್ಷನ್ ಹಾಕಬೇಕು ಎಂಬ ಪ್ರಶ್ನೆ ಇದು. ಕರ್ನಾಟಕದ 28 ಲೋಕಸಭಾ ಸಂಸದರು ಪಕ್ಷಭೇದ ಬಿಟ್ಟು ಇದನ್ನು ಸದನದಲ್ಲಿ ಎತ್ತಬೇಕು.

ನೀವು ಒಪ್ಪದಿದ್ದರೆ ಅದನ್ನೂ ಬರೆದು ತಿಳಿಸಿ. ಸಲಿಂಗಿ ಜೋಡಿಗಳಿಗೆ ಯಾವ ಮಾನ್ಯತೆಯನ್ನೂ ನಾವು ಕೊಡುವುದಿಲ್ಲ, ಕಾರಣ ಇದು ಎಂದು ನಿಮ್ಮ ಪಕ್ಷದ ಲೆಟರ್‌ಹೆಡ್‌ನಲ್ಲಿ ಸಹಿ ಮಾಡಿ ಕೊಡಿ. ನಾವು ಅದಕ್ಕೆ ಉತ್ತರ ಬರೆಯುತ್ತೇವೆ, ವಾದ ಮಾಡುತ್ತೇವೆ, ನಮ್ಮ ಓಟು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುತ್ತೇವೆ. ಸುಮ್ನೆ ಪಕ್ಕಕ್ಕೆ ಕರೆದು ಬೇಜಾರಿಲ್ಲ ಅಂತ ಮಾತ್ರ ಹೇಳಬೇಡಿ. ಪ್ರತಿ ಪಕ್ಷದಿಂದ ಬಂದ ಉತ್ತರವನ್ನು ಒಂದಕ್ಷರ ಬದಲಾಯಿಸದೆ, ಈ ಪತ್ರ ಬಂದ ಜಾಗದಲ್ಲೇ ಪ್ರಕಟಿಸಲು ಕೇಳಿಕೊಳ್ಳುತ್ತೇನೆ. ಉತ್ತರ ಕೊಡದ ಪಕ್ಷಗಳ ಹೆಸರನ್ನೂ ಅದರ ಕೆಳಗೆ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ಮತದಾರ